ನಲವತ್ತೊಂದನೆಯ ಮೆಟ್ಟಿಲು

ವಸಾಹತು, 3 ಮಾರ್ಚ್ 1941

ಮಗಳೇ ಒತಿಲಿಯಾ,

ನಿನ್ನ ಪತ್ರ ಬಂದು ಹದಿನಾರು ದಿನವಾಯಿತು. ಉತ್ತರ ತಡವಾದದ್ದು ಕೈಯ ದೆಸೆಯಿಂದಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ, ಅಷ್ಟೆ.

ಪೊಲೀಸರು ಪಾಠ ಹೇಳುತ್ತಿದ್ದ ನನ್ನನ್ನು ತುಂಹಾ ಊರಿನ ಶಾಲೆಯ ತರಗತಿಯಿಂದಲೇ ಈ ಕುಷ್ಠರೋಗಿಗಳ ವಸಾಹತಿಗೆ ಕರೆತಂದಾಗ ನಿನಗೆ ಒಂಬತ್ತು ವರ್ಷ. ಬೆಲಾರ್ಮಿನಾ ಚಿಕ್ಕಮ್ಮ ತಾಯಿಯಿಲ್ಲದ ನಿನ್ನನ್ನು ಬೊಗೊಟಾಕ್ಕೆ ಒಯ್ದು, ಅಪ್ಪ ವೆನೆಜುವೆಲಾದ ಎಣ್ಣೆಬಾವಿಗಳಲ್ಲಿ ಸತ್ತನೆಂದು ಹೇಳಿ, ತನ್ನ ಗಂಡನ ಮನೆತನದ ಹೆಸರಿನಲ್ಲಿ ಶಾಲೆಗೆ ಸೇರಿಸಿದಳೆಂದು ಬರೆದಿದ್ದೀಯೆ. ಅವಳು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ನನ್ನ ಹಳೆಯ ಪತ್ರಗಳು ಸಿಕ್ಕವೆಂದೂ ಬರೆದಿದ್ದೀಯೆ. ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಕುಷ್ಠರೋಗಿಯ ಮಗಳನ್ನು ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನೀನು ಈಗ ಒತಿಲಿಯಾ ದುವಾರ್ತೆ. ಹಾಗೇ ಇರು. ನಿನಗೆ ಕೆಲಸ ಸಿಕ್ಕಿದ್ದು ಆ ಹೆಸರಿಗೆ.

ಬಂದು ನೋಡಲೇ ಎಂದು ಕೇಳಿದ್ದೀಯೆ. ಬೇಡ. ತಂತಿಬೇಲಿಯ ಆಚೆ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಆ ದೂರದಿಂದಲೂ ನನ್ನ ಮುಖ ಚೆನ್ನಾಗಿಯೇ ಕಾಣುತ್ತದೆ.

ಏನಾದರೂ ಕಳುಹಿಸಲೇ ಎಂದೂ ಕೇಳಿದ್ದೀಯೆ. ಏನೂ ಬೇಡ. ಆದರೆ ನಿನ್ನ ಸರ್ವೇ ಕಚೇರಿಯಲ್ಲಿ ಹಿಡಿಕೆ ತಿರುಗಿಸುವ ಗುಣಾಕಾರದ ಯಂತ್ರವೊಂದಿದೆ, ಅದು ನಿನ್ನ ಸುಪರ್ದಿಯಲ್ಲಿದೆ ಎಂದೆಯಲ್ಲ, ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಹೇಳುತ್ತೇನೆ ಕೇಳು.

ಒಂದನ್ನು ನೂರಿಪ್ಪತ್ತೇಳು ಸಲ ಇಮ್ಮಡಿ ಮಾಡು. ಬಂದದ್ದರಲ್ಲಿ ಒಂದು ಕಳೆ. ಉಳಿಯುವುದು ಇದು:

170141183460469231731687303715884105727.

ಮೂವತ್ತೊಂಬತ್ತು ಅಂಕಿಗಳು. ಇದು ಅವಿಭಾಜ್ಯ, ಒಂದು ಮತ್ತು ಇದೇ ಸಂಖ್ಯೆಯನ್ನು ಬಿಟ್ಟು ಬೇರಾವುದೂ ಇದನ್ನು ಶೇಷವಿಲ್ಲದೆ ಭಾಗಿಸದು ಎಂದು ಅರವತ್ತೈದು ವರ್ಷಗಳ ಹಿಂದೆ ಫ್ರಾನ್ಸಿನ ಒಬ್ಬ ಗಣಿತಜ್ಞ ಸಾಧಿಸಿದ. ಇಷ್ಟು ದೊಡ್ಡ ಅವಿಭಾಜ್ಯ ಇನ್ನೊಂದು ಸಿಕ್ಕಿದ್ದನ್ನು ನಾನು ಕೇಳಿಲ್ಲ. ಅವನ ಲೆಕ್ಕವನ್ನು ಯಾರಾದರೂ ಮತ್ತೆ ಹಾಕಿ ನೋಡಿದ್ದಾರೋ ಇಲ್ಲವೋ, ಈ ಬೇಲಿಯೊಳಗೆ ನನಗೆ ತಿಳಿಯುವ ದಾರಿಯಿಲ್ಲ. ನಾನು ಹಾಕಬೇಕೆಂದಿದ್ದೇನೆ.

ದಾರಿ ಸರಳ. ನಾಲ್ಕರಿಂದ ಹೊರಡು. ಅದರ ವರ್ಗ ಮಾಡಿ ಎರಡು ಕಳೆ: ಹದಿನಾಲ್ಕು. ಮತ್ತೆ ವರ್ಗ, ಮತ್ತೆ ಎರಡು ಕಳೆ: ನೂರ ತೊಂಬತ್ತನಾಲ್ಕು. ಬಂದದ್ದು ಆ ದೊಡ್ಡ ಸಂಖ್ಯೆಯನ್ನು ಮೀರಿದಾಗ ಅದರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಂಡು ಮುಂದೆ ಹೋಗು. ಹೀಗೆ ನೂರಿಪ್ಪತ್ತೈದು ಮೆಟ್ಟಿಲು. ಕೊನೆಯದರಲ್ಲಿ ಸೊನ್ನೆ ಬಂದರೆ ಅದು ಅವಿಭಾಜ್ಯ. ಬೇರೆ ಏನು ಬಂದರೂ ಅಲ್ಲ.

ಈ ಲೆಕ್ಕಕ್ಕೆ ಒಂದು ಗುಣವಿದೆ. ದಾರಿಯಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ಮುಂದಿನದೆಲ್ಲ ಹಾಳು, ಆದರೆ ನೋಡುವುದಕ್ಕೆ ಸರಿಯಾದದ್ದರಂತೆಯೇ ಇರುತ್ತದೆ. ತಪ್ಪು ಮಾಡಿ ಸೊನ್ನೆಗೆ ಬಂದು ಮುಟ್ಟುವುದು ಆಗದ ಮಾತು. ಸೊನ್ನೆ ಬರಲಿಲ್ಲವೆಂದರೆ ಮಾತ್ರ, ಸಂಖ್ಯೆ ಅವಿಭಾಜ್ಯ ಅಲ್ಲವೋ ಅಥವಾ ಲೆಕ್ಕ ಹಾಕಿದವನು ಎಡವಿದನೋ, ಒಬ್ಬನೇ ಕೂತು ಹೇಳಲಾಗುವುದಿಲ್ಲ. ಅದಕ್ಕೇ ಇಬ್ಬರು ಬೇಕು, ಒಬ್ಬರದನ್ನು ಇನ್ನೊಬ್ಬರು ನೋಡದೆ ಮಾಡುವವರು. ಪ್ರತಿ ಹತ್ತು ಮೆಟ್ಟಿಲಿಗೆ ನನ್ನ ಶೇಷವನ್ನು ಕಳುಹಿಸುತ್ತೇನೆ. ನಿನ್ನದನ್ನು ನನಗೆ ತೋರಿಸಬೇಡ. ಸರಿ ಇದೆ, ಇಲ್ಲ ಎಂದಷ್ಟೇ ಬರೆ.

ಚಿಕ್ಕವಳಿದ್ದಾಗ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಲ್ಲಿ ಮಗ್ಗಿ ಬರೆಯುತ್ತಿದ್ದೆ. ಈಗ ಇಷ್ಟವಿಲ್ಲದಿದ್ದರೆ ಬಲವಂತವಿಲ್ಲ.

ದೇವರು ನಿನ್ನನ್ನು ಕಾಪಾಡಲಿ.
ನಿನ್ನ ಅಪ್ಪ,
ಅರಿಸ್ತಿದೆಸ್ ಪಿನ್ಸೋನ್


ಬೊಗೊಟಾ, 27 ಮಾರ್ಚ್ 1941

ಅಪ್ಪನಿಗೆ ನಮಸ್ಕಾರ. ಆಶೀರ್ವಾದ ಮಾಡಿ.

ನಿಮ್ಮ ಪತ್ರವನ್ನು ಅಂಚೆ ಕಚೇರಿಯಲ್ಲಿ ನಿಂತೇ ಓದಿದೆ. ಅಲ್ಲಿ ನನ್ನ ಹೆಸರಿನಲ್ಲಿ ಒಂದು ಪೆಟ್ಟಿಗೆ ತೆಗೆದುಕೊಂಡಿದ್ದೇನೆ. ವಸಾಹತಿನಿಂದ ಬರುವ ಪತ್ರಗಳಿಗೆ ಗಂಧಕದ ಹೊಗೆ ಹಾಕುತ್ತಾರಲ್ಲ, ಕಾಗದ ಹಳದಿಯಾಗಿ ವಾಸನೆ ಹೊಡೆಯುತ್ತದೆ. ನಾನಿರುವ ಬಾಡಿಗೆ ಮನೆಯ ಯಜಮಾನಿ ಮೂಗು ಚುರುಕಿನವಳು.

ಲೆಕ್ಕ ಹಾಕುತ್ತೇನೆ. ಮಧ್ಯಾಹ್ನ ಊಟಕ್ಕೆ ಎಲ್ಲರೂ ಮನೆಗೆ ಹೋಗುತ್ತಾರೆ. ಎರಡು ಗಂಟೆ ಕಚೇರಿಯಲ್ಲಿ ನಾನು, ಯಂತ್ರ, ಒಂದು ಅರೇಪಾ ರೊಟ್ಟಿ. ನಮ್ಮ ಮೇಲಧಿಕಾರಿ ದೋನ್ ಲೆಯೊವಿಹಿಲ್ದೋ ನಿನ್ನೆ ಛತ್ರಿ ಮರೆತು ಹಿಂತಿರುಗಿದವರು ನಾನು ಹಿಡಿಕೆ ತಿರುಗಿಸುತ್ತಿದ್ದದ್ದನ್ನು ನೋಡಿ, "ಏನಮ್ಮಾ, ಕಾಫಿ ಬೀಸ್ತಿದ್ದೀಯಾ?" ಎಂದರು. ಅಭ್ಯಾಸ ಮಾಡುತ್ತಿದ್ದೇನೆ ಎಂದೆ. "ಮದುವೆಯಾದ್ಮೇಲೆ ಉಪಯೋಗಕ್ಕೆ ಬರುತ್ತೆ ಬಿಡು" ಎಂದು ಛತ್ರಿ ತೆಗೆದುಕೊಂಡು ಹೋದರು.

ಹತ್ತು ಮೆಟ್ಟಿಲು ಮುಗಿಸಿದ್ದೇನೆ. ಆರನೆಯದರವರೆಗೆ ಸುಲಭ, ಏಳರಿಂದ ಬೆವರು. ನಿಮ್ಮದಕ್ಕೆ ಕಾಯುತ್ತಿದ್ದೇನೆ.

ನನಗೆ ಬೇರೆ ಏನೇನೋ ಕೇಳಬೇಕಿದೆ. ಅಮ್ಮ ಹೇಗೆ ನಗುತ್ತಿದ್ದಳು ಅನ್ನುವುದು ಮರೆತುಹೋಗಿದೆ. ಇನ್ನೊಮ್ಮೆ ಕೇಳುತ್ತೇನೆ.

ನಿಮ್ಮ ಮಗಳು,
ಒತಿಲಿಯಾ


ವಸಾಹತು, 11 ಆಗಸ್ಟ್ 1941

ಮಗಳೇ,

ನಲವತ್ತನೆಯ ಶೇಷವನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಮೂವತ್ತನೆಯದು ಸರಿ ಇದೆ ಎಂದು ನೀನು ಬರೆದದ್ದನ್ನು ಊಟದ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಒಬ್ಬರಿಗೂ ಅರ್ಥವಾಗಲಿಲ್ಲ, ಎಲ್ಲರೂ ಸಂತೋಷಪಟ್ಟರು.

ಇಲ್ಲಿ ರೊಸೆಂದಾ ಕುಯೆಯಾರ್ ಎಂಬುವಳಿದ್ದಾಳೆ. ಹೊರಗಿದ್ದಾಗ ತಂತಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು. ನನ್ನ ಪಕ್ಕದ ಕೋಣೆ. ನಾನು ಬಾಳೆಯ ನೆರಳಿನಲ್ಲಿ ಹಲಗೆ ಹಾಕಿಕೊಂಡು ಕೂತರೆ ಬಂದು ನಿಲ್ಲುತ್ತಾಳೆ. "ಮೇಷ್ಟ್ರೇ, ಆ ಸಂಖ್ಯೆನ ಯಾರೂ ಭಾಗಿಸಕ್ಕಾಗಲ್ಲ ಅಂತ ತಿಳ್ಕೊಂಡು ಏನ್ ಮಾಡ್ತೀರಿ?" ಎಂದು ಕೇಳಿದಳು. ತಿಳಿದುಕೊಳ್ಳುತ್ತೇನೆ ಎಂದೆ. "ನಮ್ಮನ್ನೂ ಯಾರೂ ಲೆಕ್ಕಕ್ಕೆ ತಗೊಳಲ್ಲ, ಅದನ್ನೂ ಬರ್ಕೊಳಿ" ಎಂದಳು.

ಒಂದು ಮೆಟ್ಟಿಲಿಗೆ ಮೂರು ದಿನ ಹಿಡಿಯುತ್ತಿದೆ. ಬೆರಳುಗಳಲ್ಲಿ ಸ್ಪರ್ಶವಿಲ್ಲ. ಪೆನ್ಸಿಲನ್ನು ಮಣಿಕಟ್ಟಿಗೆ ಬಟ್ಟೆಯಿಂದ ಕಟ್ಟಿಸಿಕೊಳ್ಳುತ್ತೇನೆ. ಮೊದಲು ಪ್ರತಿ ಗುಣಾಕಾರಕ್ಕೂ ಒಂಬತ್ತರಿಂದ ಭಾಗಿಸಿ ಶೇಷ ಹೊಂದಿಸುವ ತಾಳೆ, ಹಾಗೆಯೇ ಹನ್ನೊಂದರ ತಾಳೆ, ಎರಡನ್ನೂ ನೋಡುತ್ತಿದ್ದೆ. ಕಣ್ಣಿಗೆ ಬಿಡುವು ಕೊಡಲು ಹನ್ನೊಂದರದನ್ನು ಬಿಟ್ಟಿದ್ದೇನೆ. ಒಂಬತ್ತರದು ಸಾಕು, ಅಂಕಿಗಳನ್ನು ಕೂಡಿದರೆ ಆಯಿತು.

ನಿನ್ನ ಅಮ್ಮ ನಗುವಾಗ ಬಾಯಿಗೆ ಶಾಲಿನ ಅಂಚು ಒತ್ತಿಕೊಳ್ಳುತ್ತಿದ್ದಳು. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಇತ್ತು, ಅದಕ್ಕೆ.

ಅಪ್ಪ


ಬೊಗೊಟಾ, 25 ಆಗಸ್ಟ್ 1941

ಅಪ್ಪನಿಗೆ,

ನಲವತ್ತನೆಯದು ಸರಿ ಇದೆ. ಮೂವತ್ತೊಂಬತ್ತು ಅಂಕಿಗಳಲ್ಲಿ ಒಂದೂ ಬೇರೆಯಿಲ್ಲ. ನಿಮ್ಮ ಹಾಳೆಯನ್ನೂ ನನ್ನದನ್ನೂ ಒಂದರ ಕೆಳಗೊಂದು ಇಟ್ಟುಕೊಂಡು ಬೆರಳಿಟ್ಟು ಓದಿದೆ. ಹತ್ತು ವರ್ಷ ಸತ್ತಿದ್ದ ಮನುಷ್ಯ ಆ ಕಡೆಯಿಂದ ನನ್ನ ಬೆರಳಿನ ಜೊತೆಗೇ ನಡೆದುಬಂದಂತೆ ಆಯಿತು.

ನನ್ನ ಹಲ್ಲುಗಳ ನಡುವೆಯೂ ಸಂದಿ ಇದೆ.

ಒತಿಲಿಯಾ


ವಸಾಹತು, 30 ಅಕ್ಟೋಬರ್ 1941

ಮಗಳೇ,

ಐವತ್ತನೆಯದು ಇದರ ಜೊತೆಗಿದೆ.

ಕಣ್ಣಿನ ವೈದ್ಯರು ಬಂದಿದ್ದರು, ವರ್ಷಕ್ಕೊಮ್ಮೆ ಬರುವವರು. ಈ ರೋಗದಲ್ಲಿ ರೆಪ್ಪೆ ಮುಚ್ಚಲಾಗುವುದಿಲ್ಲ, ಕಣ್ಣು ಒಣಗಿ ಹುಣ್ಣಾಗುತ್ತದೆ. ದೀಪ ಹಿಡಿದು ನೋಡಿ, "ಮೇಷ್ಟ್ರೇ, ಎಡಗಣ್ಣಿನ ಕಥೆ ಮುಗೀತು. ಬಲಗಣ್ಣು ಮುಂದಿನ ಸೆಪ್ಟೆಂಬರ್ ತನಕ ತಡೆದ್ರೆ ಹೆಚ್ಚು. ಓದೋದು ಬರಿಯೋದು ಬಿಟ್ಟುಬಿಟ್ರೆ ಇನ್ನೆರಡು ಮೂರು ವರ್ಷ ಬಂದ್ರೂ ಬರಬಹುದು" ಎಂದರು.

ನಾನು ಕೂತು ಎಣಿಸಿದೆ. ಇನ್ನು ಎಪ್ಪತ್ತೈದು ಮೆಟ್ಟಿಲು. ಹತ್ತು ತಿಂಗಳು. ನನ್ನ ಈಗಿನ ವೇಗಕ್ಕೆ ಸೆಪ್ಟೆಂಬರಿಗೆ ಸರಿಯಾಗಿ ತಲುಪುತ್ತೇನೆ, ಒಂದು ವಾರವೂ ಮಿಗುವುದಿಲ್ಲ. ರೊಸೆಂದಾ ಬೈದಳು. ಎರಡು ವರ್ಷ ಕಣ್ಣಿಟ್ಟುಕೊಂಡು ಇಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳಿದೆ. "ನದಿ ಇದೆಯಲ್ಲ" ಎಂದಳು. ನದಿಯನ್ನು ನೋಡಿದ್ದೇನೆ.

ಐವತ್ತು ಸರಿ ಇದೆ ಎಂದು ಬೇಗ ಬರೆ. ನೀನು ಬರೆಯುವವರೆಗೆ ಮುಂದಿನದಕ್ಕೆ ಕೈ ಹಾಕುವುದಿಲ್ಲ.

ಅಪ್ಪ


ಬೊಗೊಟಾ, 8 ನವೆಂಬರ್ 1941

ಅಪ್ಪನಿಗೆ,

ಐವತ್ತನೆಯದು ಬಂತು. ಹೇಳುವುದಕ್ಕೆ ಮುಂಚೆ ನಲವತ್ತೊಂದರಿಂದ ಐವತ್ತರವರೆಗಿನ ನಿಮ್ಮ ಬಿಡಿ ಲೆಕ್ಕದ ಹಾಳೆಗಳನ್ನೆಲ್ಲ ಕಳುಹಿಸಿಕೊಡಿ. ಮಳೆಗೆ ನೆನೆದು ಹೋದಾವು, ಇಲ್ಲಿ ಜೋಪಾನವಾಗಿ ಇಡೋಣ ಅನ್ನಿಸಿತು. ಬೇರೇನಿಲ್ಲ.

ಒತಿಲಿಯಾ


(ಕಳುಹಿಸದ ಪತ್ರ)

ಬೊಗೊಟಾ, 24 ನವೆಂಬರ್ 1941

ಅಪ್ಪನಿಗೆ,

ನಿಮ್ಮ ಐವತ್ತನೆಯ ಶೇಷ ನನ್ನದಕ್ಕೆ ಹೊಂದುವುದಿಲ್ಲ. ಒಂದು ಅಂಕಿಯೂ ಹೊಂದುವುದಿಲ್ಲ. ಮೊದಲು ನನ್ನದೇ ತಪ್ಪೆಂದುಕೊಂಡು ಹತ್ತು ಮೆಟ್ಟಿಲನ್ನೂ ಮತ್ತೆ ಮಾಡಿದೆ. ಆಮೇಲೆ ನಿಮ್ಮ ಹಾಳೆಗಳನ್ನು ಸಾಲು ಸಾಲಾಗಿ ನೋಡಿದೆ. ನಲವತ್ತೊಂದನೆಯದರ ಮೂರನೇ ಹಾಳೆಯಲ್ಲಿ, ಮೇಲಿನ ಸಾಲಿನ 27 ಕೆಳಗಿಳಿಯುವಾಗ 72 ಆಗಿದೆ. ಎರಡು ಅಂಕಿ ಅದಲು ಬದಲು. ಕೂಡಿದರೆ ಎರಡೂ ಒಂಬತ್ತೇ, ಅದಕ್ಕೇ ನಿಮ್ಮ ತಾಳೆಗೆ ಸಿಗಲಿಲ್ಲ. ಹನ್ನೊಂದರ ತಾಳೆ ನೋಡಿದ್ದರೆ ಸಿಗುತ್ತಿತ್ತು.

ಹತ್ತು ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಒಂದು ತಿಂಗಳಿಗೂ ಹೆಚ್ಚು. ನಿಮ್ಮ ಕಣ್ಣು ಅಷ್ಟು ದಿನ


ಬೊಗೊಟಾ, 25 ನವೆಂಬರ್ 1941

ಅಪ್ಪನಿಗೆ ನಮಸ್ಕಾರ.

ಐವತ್ತನೆಯದು ಸರಿ ಇದೆ. ಮುಂದುವರಿಸಿ.

ಇಲ್ಲಿ ಚಳಿ ಜೋರಾಗಿದೆ. ಬೆಳಿಗ್ಗೆ ಬೆಲ್ಲದ ಬಿಸಿನೀರಿಗೆ ಗಿಣ್ಣಿನ ತುಂಡು ಹಾಕಿಕೊಂಡು ಕುಡಿಯದೆ ಕೈ ಆಡುವುದಿಲ್ಲ. ಕಚೇರಿಯಲ್ಲಿ ಹೊಸ ರೈಲು ದಾರಿಯ ನಕ್ಷೆ ಬಂದಿದೆ, ಕೆಲಸ ಬಹಳ. ನಿಮಗೆ ಒಂದು ಹಸಿರು ಬಣ್ಣದ ಕಣ್ಣಿನ ಮರೆ ಕಳುಹಿಸಿದ್ದೇನೆ, ಬಿಸಿಲಿಗೆ ಕಟ್ಟಿಕೊಳ್ಳಿ.

ಒತಿಲಿಯಾ


ವಸಾಹತು, 6 ಏಪ್ರಿಲ್ 1942

ಮಗಳೇ,

ಎಂಬತ್ತನೆಯದು. ಅಕ್ಷರ ದೊಡ್ಡದಾಗಿದೆ, ಕ್ಷಮಿಸು. ಒಂದು ಅಂಕಿಗೆ ಒಂದು ಹೆಬ್ಬೆರಳಷ್ಟು ಜಾಗ ಬೇಕು ಈಗ. ವಸಾಹತಿನ ಕಾಗದವೆಲ್ಲ ಖಾಲಿ ಮಾಡಿ, ಔಷಧಾಲಯದ ಚೀಟಿಗಳ ಹಿಂಭಾಗದಲ್ಲಿ ಬರೆಯುತ್ತಿದ್ದೇನೆ.

ರೊಸೆಂದಾ ಈಗ ಅಂಕಿಗಳನ್ನು ಓದಿ ಹೇಳುತ್ತಾಳೆ. ತಂತಿ ಕಚೇರಿಯವಳಲ್ಲವೇ, ತಪ್ಪುವುದಿಲ್ಲ. ಈಸ್ಟರ್ ವಾರದ ಮೆರವಣಿಗೆಗೂ ನಾವಿಬ್ಬರೂ ಹೋಗಲಿಲ್ಲ. ಪಾದ್ರಿಗಳು ಬಂದು, ಯಾವ ಪ್ರಾರ್ಥನೆ ಇಷ್ಟು ಉದ್ದದ್ದು ಎಂದು ವಿಚಾರಿಸಿಕೊಂಡು ಹೋದರು.

ನಿಜ ಹೇಳುತ್ತೇನೆ. ನಿನ್ನಿಂದ "ಸರಿ" ಎಂಬ ಮಾತು ಬಂದಾಗಲೆಲ್ಲ ನನಗೆ ತರಗತಿಯಲ್ಲಿ ನಿಂತಂತೆ ಆಗುತ್ತದೆ. ನಾನೂ ಒಬ್ಬ, ನನ್ನ ಲೆಕ್ಕವೂ ಹೊರಗಿನವರ ಲೆಕ್ಕವೂ ಒಂದೇ ಅನ್ನಿಸುತ್ತದೆ. ಅದಕ್ಕೋಸ್ಕರವಾದರೂ ಈ ಕೆಲಸ ಮುಗಿಯದಿರಲಿ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ನಿನ್ನದು ಎಲ್ಲಿಗೆ ಬಂತು?

ಅಪ್ಪ


ಬೊಗೊಟಾ, 22 ಏಪ್ರಿಲ್ 1942

ಅಪ್ಪನಿಗೆ,

ಎಂಬತ್ತನೆಯದು ಸರಿ ಇದೆ. ನಾನೂ ನಿಮ್ಮ ಹತ್ತಿರ ಹತ್ತಿರವೇ ಇದ್ದೇನೆ.

ಸ್ವಲ್ಪ ದಿನ ನಿಲ್ಲಿಸಿ ಕಣ್ಣಿಗೆ ವಿಶ್ರಾಂತಿ ಕೊಡಬಾರದೇ? ಸಂಖ್ಯೆ ಎಲ್ಲಿಗೂ ಓಡಿಹೋಗುವುದಿಲ್ಲ. ಫ್ರಾನ್ಸಿನವನು ಹೇಳಿದ್ದು ನಿಜವೇ ಇರಬೇಕು. ಇಷ್ಟಕ್ಕೇ ಬಿಟ್ಟರೂ ಯಾರು ಏನೆನ್ನುತ್ತಾರೆ?

ಒತಿಲಿಯಾ


ವಸಾಹತು, 9 ಸೆಪ್ಟೆಂಬರ್ 1942

ಮಗಳೇ ಒತಿಲಿಯಾ,

ಇದನ್ನು ಬರೆಯುತ್ತಿರುವ ಕೈ ರೊಸೆಂದಾಳದು, ಮಾತು ನನ್ನದು. ಬೆಳಕು ಎಲ್ಲಿದೆ ಎಂಬುದಷ್ಟೇ ಈಗ ನನಗೆ ತಿಳಿಯುತ್ತದೆ. ಅದರ ಚಿಂತೆ ಇಲ್ಲ. ಮುಗಿಯಿತು.

ಸೊನ್ನೆ ಬರಲಿಲ್ಲ.

ಇದನ್ನು ಓದಿ ಕೂತುಕೋ. ನೂರಿಪ್ಪತ್ತೈದನೆಯ ಶೇಷ ಸೊನ್ನೆಯಲ್ಲ, ಮೂವತ್ತೆಂಟು ಅಂಕಿಗಳ ಒಂದು ಸಂಖ್ಯೆ. ಮೊದಲ ದಿನ ಎಲ್ಲೋ ತಪ್ಪಿದ್ದೇನೆ ಎಂದುಕೊಂಡೆ. ಆಮೇಲೆ ನೆನಪಾಯಿತು. ನೂರಿಪ್ಪತ್ತರವರೆಗೆ ನಿನ್ನದೂ ನನ್ನದೂ ಒಂದೇ. ನಿನ್ನ ಹನ್ನೆರಡು ಪತ್ರಗಳನ್ನು ರೊಸೆಂದಾಳಿಂದ ಮತ್ತೆ ಓದಿಸಿದೆ. ನೀನು ಯಂತ್ರದಲ್ಲಿ ಮಾಡಿದವಳು, ನಾನು ಪೆನ್ಸಿಲಿನಲ್ಲಿ ಮಾಡಿದವನು, ಒಬ್ಬರದನ್ನೊಬ್ಬರು ನೋಡಿಕೊಂಡು ಮಾಡಿಲ್ಲ. ಇಬ್ಬರೂ ಒಂದೇ ಕಡೆ, ಒಂದೇ ರೀತಿ ತಪ್ಪುವುದು ಸಾಧ್ಯವಿಲ್ಲ. ಉಳಿದ ಐದು ಮೆಟ್ಟಿಲುಗಳನ್ನು ನಾವಿಲ್ಲಿ ಮೂರು ಸಲ ಮಾಡಿದೆವು, ಮೂರು ಸಲವೂ ಅದೇ ಬಂತು.

ಹಾಗಾದರೆ ಫ್ರಾನ್ಸಿನವನು ತಪ್ಪಿದ್ದಾನೆ. ಈವರೆಗೆ ತಿಳಿದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದು ಎಂದು ಪುಸ್ತಕಗಳು ಹೇಳುವುದು ಅವಿಭಾಜ್ಯವೇ ಅಲ್ಲ. ಅದನ್ನು ತೋರಿಸಿದವರು ನೀನು ಮತ್ತು ನಾನು.

ನಿನ್ನ ಉತ್ತರಕ್ಕೆ ಕಾಯಬೇಕಿತ್ತು, ಕಾಯಲಾಗಲಿಲ್ಲ. ರಾಜಧಾನಿಯ ಗಣಿತ ಪತ್ರಿಕೆಗೆ ಹನ್ನೊಂದು ಪುಟ ಬರೆಸಿ ನಿನ್ನೆಯ ಅಂಚೆ ಚೀಲದಲ್ಲಿ ಕಳುಹಿಸಿದೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ. "ಹೊರಗಿನ ಒಬ್ಬ ಲೆಕ್ಕಿಗರು" ಎಂದಷ್ಟೇ ಬರೆಸಿದ್ದೇನೆ. ರೊಸೆಂದಾ ಇಡೀ ವಸಾಹತಿಗೆ ಸಾರಿಬಂದಳು. ಹಾಡುವವರು ಬಂದು ಹಾಡಿದರು. ವಸಾಹತಿನ ನಿರ್ದೇಶಕರು ಕೈ ಕುಲುಕಲಿಲ್ಲ, ಆದರೆ ಟೊಪ್ಪಿಗೆ ತೆಗೆದರು ಎಂದು ಇವಳು ಹೇಳುತ್ತಾಳೆ.

ಇಲ್ಲಿಗೆ ಬಂದ ಹನ್ನೆರಡು ವರ್ಷಗಳಲ್ಲಿ ನಾನು ಇಷ್ಟು ಸಂತೋಷವಾಗಿ ಇದ್ದದ್ದಿಲ್ಲ. ನಿನ್ನ ಕೊನೆಯ ಶೇಷವನ್ನು ಈಗ ನನಗೆ ಕಳುಹಿಸು. ಈ ಒಂದನ್ನು ಓದಿಸಿ ಕೇಳಬೇಕು.

ಅಪ್ಪ


ಬೊಗೊಟಾ, 20 ಸೆಪ್ಟೆಂಬರ್ 1942

ಅಪ್ಪ,

ದೋನ್ಯಾ ರೊಸೆಂದಾ ಅವರೇ, ಇದನ್ನು ಅವರು ಕೂತಿರುವಾಗ ಓದಿ. ಪೂರ್ತಿ ಓದಿ, ಏನನ್ನೂ ಬಿಡಬೇಡಿ.

ನನ್ನ ಕೊನೆಯ ಶೇಷ ಸೊನ್ನೆ. ಮೇ ತಿಂಗಳಲ್ಲೇ ಬಂತು. ಒಂದು ಬುಧವಾರ ಮಧ್ಯಾಹ್ನ ಹಿಡಿಕೆ ತಿರುಗಿಸಿದೆ, ಯಂತ್ರದ ಎಲ್ಲ ಕಿಂಡಿಗಳಲ್ಲೂ ಸೊನ್ನೆ ನಿಂತವು. ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿದ್ದವರು ನೀವೊಬ್ಬರೇ.

ಸಂಖ್ಯೆ ಅವಿಭಾಜ್ಯವೇ. ಫ್ರಾನ್ಸಿನವನು ತಪ್ಪಿಲ್ಲ. ನಲವತ್ತೊಂದನೆಯ ಮೆಟ್ಟಿಲಿನಲ್ಲಿ ನೀವು 27 ಅನ್ನು 72 ಎಂದು ಇಳಿಸಿಕೊಂಡಿರಿ. ಅಲ್ಲಿಂದ ಮುಂದೆ ನಿಮ್ಮ ಯಾವ ಶೇಷವೂ ನನ್ನದಕ್ಕೆ ಹೊಂದಿಲ್ಲ. ಹೊಂದಿದೆ ಎಂದು ಎಂಟು ಸಲ ಬರೆದೆ. ಎಂಟೂ ಸುಳ್ಳು.

ಮೊದಲನೆಯ ಸಲ ನಿಮ್ಮ ಕಣ್ಣಿನ ವಿಷಯ ಓದಿ ಹಾಗೆ ಬರೆದೆ. ಹತ್ತು ಮೆಟ್ಟಿಲು ಹಿಂದಕ್ಕೆ ಹೋದರೆ ನೀವು ಕೊನೆ ಮುಟ್ಟುವುದಿಲ್ಲ ಎಂದು ಲೆಕ್ಕ ಹಾಕಿದೆ. ಆಮೇಲಿನ ಸಲಗಳಲ್ಲಿ, ಮೊದಲನೆಯದನ್ನು ಹೇಳಿದ್ದರಿಂದ. ಕೊನೆಗೆ ನೀವು ಮುಗಿಸಿದಾಗ, ಕಡೆಯ ಒಂದೆರಡು ಮೆಟ್ಟಿಲಿನಲ್ಲಿ ಚಿಕ್ಕದೊಂದು ತಪ್ಪಾಗಿದೆ, ನನ್ನದು ಸೊನ್ನೆ, ಇಬ್ಬರದೂ ಸೊನ್ನೆಯೇ ಅಂದುಕೊಳ್ಳಿ ಎಂದು ಬರೆಯುವುದೆಂದು ಯೋಚಿಸಿಟ್ಟುಕೊಂಡಿದ್ದೆ. ನೀವು ನನ್ನ ಮಾತನ್ನು ಇಷ್ಟು ನಂಬಿ ಫ್ರಾನ್ಸಿನವನನ್ನೇ ಅಲ್ಲಗಳೆಯುತ್ತೀರಿ ಎಂದು ಹೊಳೆದಿರಲಿಲ್ಲ.

ನಾನು ಪತ್ರಿಕೆಯವರ ಬಳಿಗೆ ಹೋಗಿ ಆ ಹನ್ನೊಂದು ಪುಟವನ್ನು ವಾಪಸು ಕೇಳುತ್ತೇನೆ. ಇನ್ನು ಮುಂದೆ ನಿಮಗೆ ಯಾವ ವಿಷಯದಲ್ಲೂ ಸುಳ್ಳು ಹೇಳುವುದಿಲ್ಲ.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ.

ಒತಿಲಿಯಾ


ವಸಾಹತು, 19 ಅಕ್ಟೋಬರ್ 1942

ಒತಿಲಿಯಾ,

ನಿನ್ನ ಪತ್ರವನ್ನು ರೊಸೆಂದಾ ಓದಿದಳು. ನಡುವೆ ನಿಲ್ಲಿಸಿದಳು, ಮುಂದೆ ಓದು ಎಂದೆ.

ಹತ್ತೊಂಬತ್ತು ವರ್ಷ ಮೇಷ್ಟ್ರಾಗಿದ್ದೆ. ತಪ್ಪು ಲೆಕ್ಕ ತಂದ ಯಾವ ಹುಡುಗನಿಗೂ ಸರಿ ಎಂದಿಲ್ಲ. ಕಠಿಣ ಮನುಷ್ಯ ಎಂದು ಊರಲ್ಲಿ ಹೆಸರಿತ್ತು. ಕಾರಣ ಅದಲ್ಲ. ತಪ್ಪಿಗೆ ಸರಿ ಎಂದುಬಿಟ್ಟರೆ ಆ ಹುಡುಗ ಅದರೊಳಗೆ ಒಬ್ಬನೇ ಉಳಿದುಬಿಡುತ್ತಾನೆ. ಮೇಷ್ಟ್ರು ಈಚೆ, ಅವನು ಆಚೆ. ಅವನಿಗೆ ಅದು ಗೊತ್ತೂ ಆಗುವುದಿಲ್ಲ.

ನಲವತ್ತೊಂದರಿಂದ ಐವತ್ತರವರೆಗಿನದು ನನ್ನ ತಪ್ಪು. ಅದನ್ನು ಒಪ್ಪುತ್ತೇನೆ. ಅಲ್ಲಿಂದ ಮುಂದಿನ ಎಪ್ಪತ್ತೈದು ನಿನ್ನದು. ನೀನು ನನ್ನ ಜೊತೆ ನಡೆಯುತ್ತಿದ್ದೀ ಎಂದು ತಿಳಿದುಕೊಂಡು ಎಪ್ಪತ್ತೈದು ಮೆಟ್ಟಿಲು ಒಬ್ಬನೇ ನಡೆದೆ.

ಐವತ್ತರಲ್ಲೇ ಹೇಳಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿ, ನೂರರ ಹತ್ತಿರ ಕಣ್ಣು ಹೋಗುತ್ತಿತ್ತೇನೋ. ಆಗ ನೂರು ನಿಜವಾದ ಮೆಟ್ಟಿಲು ನನ್ನವಾಗಿರುತ್ತಿದ್ದವು. ಅಥವಾ ಬಿಟ್ಟೇ ಬಿಡುತ್ತಿದ್ದೆ. ಬಿಟ್ಟಿದ್ದರೆ ಇವತ್ತು ನದಿ ಕಾಣುತ್ತಿತ್ತು. ಯಾವುದು ಬೇಕೆಂದು ಆರಿಸುವವನು ನಾನಾಗಿರಬೇಕಿತ್ತು. ಇಲ್ಲಿ ನಮಗೆ ಏನನ್ನೂ ಆರಿಸಲು ಬಿಡುವುದಿಲ್ಲ, ಏನು ಉಣ್ಣಬೇಕು, ಎಲ್ಲಿ ಮಲಗಬೇಕು, ಎಲ್ಲವನ್ನೂ ಅವರೇ ನಮ್ಮ ಒಳ್ಳೆಯದಕ್ಕೆಂದು ನಿಶ್ಚಯಿಸುತ್ತಾರೆ. ನೀನೂ ಹಾಗೇ ಮಾಡಿದೆ.

ಅವರಿವರು ಇನ್ನೂ ಬಂದು ಸಂಖ್ಯೆಯ ಸುದ್ದಿ ಏನಾಯಿತು ಎಂದು ಕೇಳುತ್ತಾರೆ. ರೊಸೆಂದಾ ಏನೋ ಹೇಳಿ ಕಳುಹಿಸುತ್ತಾಳೆ.

ಪತ್ರಿಕೆಯವರು ನನ್ನ ಬಗ್ಗೆ ಏನು ತಿಳಿದುಕೊಂಡರು ಎಂಬುದನ್ನು ಮಾತ್ರ ಬರೆ. ಹಳ್ಳಿ ಮೇಷ್ಟ್ರು, ಕೂಡುವುದು ಬಾರದೆ ಇಷ್ಟು ದೊಡ್ಡ ಮಾತಾಡಿದ ಎಂದು ನಕ್ಕರೇ? ನಕ್ಕಿದ್ದರೆ ನಕ್ಕರೆಂದೇ ಬರೆ.

ಅರಿಸ್ತಿದೆಸ್ ಪಿನ್ಸೋನ್


ಬೊಗೊಟಾ, 16 ನವೆಂಬರ್ 1942

ಅಪ್ಪನಿಗೆ,

ನೀವು ಕೇಳಿದ್ದಕ್ಕೆ ಉತ್ತರ. ಯಾರೂ ನಗಲಿಲ್ಲ. ನಿಮ್ಮ ಪತ್ರವನ್ನು ಯಾರೂ ಓದಲಿಲ್ಲ.

ಪತ್ರಿಕೆಯ ಕಚೇರಿ ಒಂದು ಹಳೆಯ ಮನೆಯ ಮಹಡಿಯಲ್ಲಿದೆ. ಒಬ್ಬ ವಯಸ್ಸಾದ ಗುಮಾಸ್ತರು ಕುರ್ಚಿ ಕೊಟ್ಟು ಕೂರಿಸಿದರು. ವಸಾಹತಿನಿಂದ ಬಂದ ಲೇಖನವನ್ನು ವಾಪಸು ಪಡೆಯಲು ಬಂದಿದ್ದೇನೆ, ಬರೆದವರು ಅರಿಸ್ತಿದೆಸ್ ಪಿನ್ಸೋನ್ ಎಂದೆ. ಅವರು ಸ್ವಲ್ಪ ಯೋಚಿಸಿ, "ಓ, ಅದಾ. ಮುದ್ರೆ ನೋಡಿದ ತಕ್ಷಣ ಒಲೆಗೆ ಹಾಕಿಸಿದ್ವಿ. ಇಕ್ಕಳದಲ್ಲಿ ಹಿಡಿದು ಹಾಕಿದ್ದು, ಕೈಯಲ್ಲಿ ಮುಟ್ಟಿಲ್ಲ" ಎಂದರು. ಒಡೆಯಲೂ ಇಲ್ಲವೇ ಎಂದು ಕೇಳಿದೆ. "ಒಡೆದು ನೋಡೋದಕ್ಕೆ ನಮಗೇನು ಹುಚ್ಚಾ? ಮಕ್ಕಳೊಂದಿಗರು ನಾವು" ಎಂದರು. ಒರಟಾಗಿ ಹೇಳಲಿಲ್ಲ. ಆಮೇಲೆ, ನಿಮಗೆ ಅವರು ಏನಾಗಬೇಕು ಎಂದು ಕೇಳಿದರು.

ನಾನು ಅವರ ಮಗಳು, ಒತಿಲಿಯಾ ಪಿನ್ಸೋನ್ ಎಂದೆ. ಹನ್ನೆರಡು ವರ್ಷದಲ್ಲಿ ಮೊದಲನೆಯ ಸಲ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು. ಹೇಳಲೇಬೇಕೆಂದು ಹೋಗಿರಲಿಲ್ಲ, ಕೇಳಿದಾಗ ಬೇರೆ ಹೆಸರು ಬಾಯಿಗೆ ಬರಲಿಲ್ಲ. ಅವರು ಎದ್ದು ಕಿಟಕಿ ತೆರೆದರು. ನಾನು ಮೆಟ್ಟಿಲಿಳಿಯುವಾಗ ಮೇಲೆ ಕುರ್ಚಿ ಎಳೆಯುವ ಸದ್ದು ಕೇಳಿಸಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಯಾವುದನ್ನೂ ಮುಚ್ಚಿಡುವುದಿಲ್ಲವೆಂದು ಬರೆದಿದ್ದೇನೆ, ಅದರಿಂದ ಉಳಿದದ್ದನ್ನೂ ಹೇಳುತ್ತೇನೆ. ಆ ಗುಮಾಸ್ತರಿಗೆ ನಮ್ಮ ದೋನ್ ಲೆಯೊವಿಹಿಲ್ದೋ ಪರಿಚಯವಂತೆ. ಸೋಮವಾರ ಕಚೇರಿಗೆ ಹೋದಾಗ ನನ್ನ ಮೇಜಿನ ಮೇಲೆ ಯಂತ್ರ ಇರಲಿಲ್ಲ. ಹೊಗೆ ಹಾಕಿಸಲು ಕಳುಹಿಸಿದ್ದರು. ನನ್ನ ಮೇಲಂಗಿಯನ್ನು ಕೋಲಿನಿಂದ ಎತ್ತಿ ಹೊರಗಿನ ಮೊಳೆಗೆ ತಗುಲಿಸಿದ್ದರು. ದೋನ್ ಲೆಯೊವಿಹಿಲ್ದೋ ಬಾಗಿಲಲ್ಲೇ ನಿಂತು ಮಾತಾಡಿದರು. "ನಿನ್ನ ಮೇಲೆ ನನಗೆ ಬೇಜಾರಿಲ್ಲಮ್ಮಾ. ಆರೋಗ್ಯ ಇಲಾಖೆಯವರ ಚೀಟಿ ತಗೊಂಡು ಬಾ, ಆಮೇಲೆ ನೋಡೋಣ" ಎಂದರು. ಚೀಟಿ ತೆಗೆದುಕೊಂಡು ಹೋದೆ, ರೋಗವಿಲ್ಲ ಎಂದು ಬರೆದಿತ್ತು. ಅದನ್ನು ಅವರು ಕೈಗೆ ತೆಗೆದುಕೊಳ್ಳಲಿಲ್ಲ.

ಬಾಡಿಗೆ ಮನೆಯನ್ನೂ ಬಿಟ್ಟಿದ್ದೇನೆ. ಈಗ ಊರಾಚೆಯ ಒಂದು ಬಟ್ಟೆ ಒಗೆಯುವ ಮನೆಯಲ್ಲಿದ್ದೇನೆ. ಮುಂದೆ ಏನೆಂದು ಗೊತ್ತಿಲ್ಲ. ಅಂಚೆ ಪೆಟ್ಟಿಗೆ ವರ್ಷದ ಕೊನೆಯವರೆಗೆ ಇದೆ.

ನನ್ನ ಲೆಕ್ಕದ ಹಾಳೆಗಳೆಲ್ಲ ಕಚೇರಿಯ ಖಾನೆಯಲ್ಲಿದ್ದವು. ಅವನ್ನೂ ಸುಟ್ಟರು. ಆ ಸೊನ್ನೆ ಬಂದದ್ದಕ್ಕೆ ಈಗ ನನ್ನ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ. ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ.

ಒತಿಲಿಯಾ ಪಿನ್ಸೋನ್


ವಸಾಹತು, 14 ಡಿಸೆಂಬರ್ 1942

ಮಗಳೇ,

ಮೊದಲ ಸಾಲು ಕೇಳಿದಾಗ ನನಗೆ ಸಮಾಧಾನವಾಯಿತು. ಯಾರೂ ಓದಲಿಲ್ಲ, ಯಾರೂ ನಗಲಿಲ್ಲ. ರೊಸೆಂದಾ ತನ್ನ ಹನ್ನೊಂದು ಪುಟದ ಕೈಬರಹ ಬೂದಿಯಾಯಿತೆಂದು ಗೊಣಗಿದಳು. ನಾವಿಬ್ಬರೂ ನಕ್ಕೆವು ಕೂಡ.

ಆಮೇಲೆ ಅವಳು ಉಳಿದದ್ದನ್ನು ಓದಿದಳು.

ಇಲ್ಲಿಂದ ನಿನಗಾಗಿ ನಾನು ಮಾಡಬಹುದಾದದ್ದು ಒಂದೂ ಇಲ್ಲ. ಯಾರಿಗೂ ಹೇಳಿ ಕೆಲಸ ಕೊಡಿಸಲಾರೆ. ನನ್ನ ಹೆಸರು ಕೇಳಿದರೆ ಜನ ಕಿಟಕಿ ತೆರೆಯುತ್ತಾರೆ. ಬಟ್ಟೆ ಒಗೆಯುವ ನೀರು ಅಲ್ಲಿ ಎಷ್ಟು ತಣ್ಣಗಿರುತ್ತದೆಂದು ನನಗೆ ಗೊತ್ತು. ನಿನ್ನ ಅಮ್ಮನೂ ಒಗೆದವಳು.

ನಿಜವನ್ನೇ ಹೇಳು ಎಂದು ನಾನೇ ಬರೆಸಿದೆ. ನೀನು ಹೇಳಿದೆ. ಆದರೂ ಮಗಳೇ, ಕಚೇರಿಯ ವಿಷಯ, ಮೇಲಂಗಿಯ ವಿಷಯ, ಅದೊಂದನ್ನು ನೀನು ನನಗೆ ಹೇಳದೆ ಇರಬಹುದಾಗಿತ್ತು.

ಅಪ್ಪ